ಫೆಬ್ರವರಿ ೮ : ಸುರಪುರದ ಎರಡು ದಿನಗಳು

ಇಂದು ಫೆಬ್ರವರಿ ತಿಂಗಳ ೮ನೆಯ ತಾರೀಖು. ‘ಚರಿತ್ರೆಯಲ್ಲಿ ಈ ದಿನ’ ಎಂಬ ತಲೆಬರಹದ ಕೆಳಗೆ ಹಿಂದಿನ ವರ್ಷಗಳ ಸಂಗತಿಗಳನ್ನು ಪಟ್ಟಿಮಾಡಿ ಕೊಡುವ ಪದ್ಧತಿಯು ಪತ್ರಿಕೆಗಳಲ್ಲಿಯೂ ದಿನಚರಿಯ ಪುಸ್ತಕಗಳಲ್ಲಿಯೂ ಬಳಕೆಯಲ್ಲಿರುವುದು ಶ್ರೋತೃಗಳಿಗೆಲ್ಲ ತಿಳಿದ ವಿಷಯವೇ. ಒಂದು ಸಾಲಿನಲ್ಲಿ ಒಬ್ಬ ಕವಿಯ ಜನನ, ಮತ್ತೊಂದರಲ್ಲಿ ಒಂದು ಯುದ್ಧ, ಇನ್ನೊಂದರಲ್ಲಿ ಒಂದು ಸಂಧಿ. ಇಂತಹ ಪಟ್ಟಿಯನ್ನು ಓದುವಾಗ ನಮಗೆಲ್ಲರಿಗೂ ಒಂದು ಬಗೆಯ ಸಂತೋಷವುಂಟಾಗುತ್ತದೆ. ಹೋದ ಕಾಲವು ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಂತೆ ತೋರುತ್ತದೆ. ಆದರೆ ‘ಈ ದಿನ’ ಎಂದರೆ ಯಾವ ದಿನ, ಯಾರ ಲೆಕ್ಕದ ದಿನ ಎಂಬುದನ್ನು ನಾವು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ಇಂದಿನ ಭಾಷಣದಲ್ಲಿ ಈ ಪ್ರಶ್ನೆಯನ್ನೇ ಕೈಕೊಂಡು, ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ಊರುಗಳ ಚರಿತ್ರೆಯಿಂದ ಅದಕ್ಕೆ ಉತ್ತರವನ್ನು ಹುಡುಕಲು ಪ್ರಯತ್ನಿಸುವೆವು.

ಈ ಮೂರು ಊರುಗಳೂ ಕೃಷ್ಣಾ ಮತ್ತು ಭೀಮಾ ನದಿಗಳ ಸೀಮೆಗೆ ಸೇರಿದವು. ಯಾದಗಿರಿಯು ಭೀಮೆಯ ಬಳಿಯಲ್ಲಿ ಬೆಟ್ಟದ ಮೇಲಿನ ಕೋಟೆಯನ್ನುಳ್ಳ ಪಟ್ಟಣ. ಮುಂಬಯಿಯಿಂದ ಬಂದ ರೈಲುಹಾದಿಯು ೧೮೭೧ರಲ್ಲಿ ಇದರ ಮೂಲಕ ಸಾಗಿ ರಾಯಚೂರಿನಲ್ಲಿ ಮದರಾಸಿನ ಹಾದಿಯನ್ನು ಕೂಡಿಕೊಂಡಿತು. ಶಹಾಪುರವು ಕಲ್ಲುಗುಡ್ಡಗಳ ಮಡಿಲಿನಲ್ಲಿರುವ ಊರು. ದೂರದಿಂದ ನೋಡಿದವರಿಗೆ ಅಲ್ಲಿಯ ಗುಡ್ಡಗಳ ಸಾಲು ಮಲಗಿರುವ ಬುದ್ಧನ ಆಕಾರವಾಗಿ ಕಾಣುವುದು. ಸುರಪುರವು ಬೇಡ ನಾಯಕರ ರಾಜಧಾನಿಯಾಗಿದ್ದುದು. ೨೦೦೯ನೆಯ ಇಸವಿಯ ಡಿಸೆಂಬರು ೩೦ರಂದು ಕಲಬುರಗಿ ಜಿಲ್ಲೆಯಿಂದ ಬೇರ್ಪಟ್ಟು ಯಾದಗಿರಿಯೇ ಒಂದು ಜಿಲ್ಲೆಯಾದಂದಿನಿಂದ ಈ ಮೂರು ಊರುಗಳೂ ಒಂದೇ ಆಡಳಿತಕ್ಕೆ ಸೇರಿವೆ.

ಈ ಸೀಮೆಯ ಚರಿತ್ರೆಯಲ್ಲಿ ಫೆಬ್ರವರಿ ೮ ಎಂಬ ತಾರೀಖನ್ನು ಹುಡುಕಿದರೆ ಒಂದಲ್ಲ, ಎರಡು ದೊಡ್ಡ ಸಂಗತಿಗಳು ದೊರೆಯುತ್ತವೆ. ಎರಡಕ್ಕೂ ನಡುವೆ ೧೫೩ ವರ್ಷಗಳ ಅಂತರವಿದೆ. ಎರಡೂ ಸುರಪುರದ ನಾಯಕರಿಗೆ ಸಂಬಂಧಿಸಿದವು. ಎರಡರಲ್ಲಿಯೂ ಬಲವಾದೊಂದು ಸೇನೆಯು ಅವರ ನೆಲೆಯ ಮುಂದೆ ಬಂದು ನಿಂತಿತು. ಮೊದಲು ಅವುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ೧೭೦೫ರದು. ವಿಜಾಪುರವು ೧೬೮೬ರಲ್ಲಿಯೂ ಗೋಲಕೊಂಡವು ೧೬೮೭ರಲ್ಲಿಯೂ ಔರಂಗಜೇಬನ ವಶವಾದುವು. ಆ ಎರಡನೆಯ ವರ್ಷದಲ್ಲಿಯೇ ಶಹಾಪುರದ ಬಳಿಯ ಸಗರದ ಕೋಟೆಯನ್ನು ಪಾಮನಾಯಕನು ಮೊಗಲರಿಗೆ ಒಪ್ಪಿಸಬೇಕಾಯಿತು. ಆದರೆ ಅವನ ಮನೆತನದ ಪಿಡ್ಡನಾಯಕನು ತಲೆಬಾಗಲಿಲ್ಲ. ಪಾರಸಿ ಬರೆಹಗಳಲ್ಲಿ ಇವನನ್ನು ಪಿಡಿಯಾ ಎಂದು ಕರೆದಿದ್ದಾರೆ. ಇವನು ವಾಗಣಗೇರಾ ಎಂಬ ಸ್ಥಳವನ್ನು ಭದ್ರಪಡಿಸಿಕೊಂಡು, ಕೋವಿಯ ಗುರಿಯಲ್ಲಿ ಹೆಸರಾದ ಬೇಡರ ಪಡೆಯನ್ನು ಕಟ್ಟಿ, ಮರಾಠರೊಡನೆ ಸ್ನೇಹವನ್ನು ಬೆಳೆಸಿದನು. ಅನೇಕ ಮರಾಠಾ ಸರದಾರರ ಕುಟುಂಬಗಳು ಆ ಕೋಟೆಯಲ್ಲಿ ಆಶ್ರಯ ಪಡೆದಿದ್ದುವು. ಇದನ್ನು ಅಡಗಿಸುವುದಕ್ಕಾಗಿ ೮೬ ವರ್ಷ ವಯಸ್ಸಿನ ಚಕ್ರವರ್ತಿಯು ತಾನೇ ದಂಡನ್ನು ನಡೆಯಿಸಿಕೊಂಡು ಬಂದು ೧೭೦೫ನೆಯ ಫೆಬ್ರವರಿ ೮ರಂದು ಮುತ್ತಿಗೆಯನ್ನು ಆರಂಭಿಸಿದನೆಂದು ಇತಿಹಾಸಜ್ಞರಾದ ಜದುನಾಥ ಸರ್ಕಾರರು ಬರೆದಿದ್ದಾರೆ. ಅದು ಅವನ ಆಯುಷ್ಯದ ಕಡೆಯ ಮುತ್ತಿಗೆ.

ಸಣ್ಣದೊಂದು ಕೋಟೆಯು ಸಾಮ್ರಾಜ್ಯದ ಸೈನ್ಯವನ್ನು ಎರಡೂವರೆ ತಿಂಗಳ ಕಾಲ ತಡೆದು ನಿಲ್ಲಿಸಿತು. ಧನಾಜಿ ಜಾಧವನೇ ಮೊದಲಾದ ಮರಾಠಾ ಸರದಾರರು ನೆರವಿಗೆ ಬಂದು ತಮ್ಮ ಕುಟುಂಬದವರನ್ನು ಹೊರಕ್ಕೆ ಸಾಗಿಸಿದರು. ಪಿಡ್ಡನಾಯಕನು ಸಂಧಿಯ ಮಾತುಗಳಿಂದ ಕಾಲವನ್ನು ತಳ್ಳಿದನು. ಜುಲ್ಫಿಕಾರಖಾನನು ಹೊಸ ಪಡೆಯೊಡನೆ ಬಂದ ತರುವಾಯ, ಇನ್ನು ನಿಲ್ಲುವುದು ಸಾಧ್ಯವಿಲ್ಲವೆಂದು ಕಂಡುಕೊಂಡು, ಏಪ್ರಿಲು ೨೭ರ ರಾತ್ರಿ ಬೇಡರು ಮನೆಗಳಿಗೆ ಬೆಂಕಿಯಿಟ್ಟು ಕೋಟೆಯನ್ನು ಬಿಟ್ಟು ಹೊರಟುಹೋದರು. ಬಾದಶಹನಿಗೆ ದೊರೆತುದು ಬರಿದಾದ ಕೋಟೆ, ನಾಯಕನು ದೊರೆಯಲಿಲ್ಲ. ಅಲ್ಲಿಂದ ಹೊರಟ ಔರಂಗಜೇಬನು ಹತ್ತಿರದ ದೇವಾಪುರದಲ್ಲಿ ಬೀಡುಬಿಟ್ಟಿದ್ದಾಗ ಕಾಯಿಲೆಗೆ ಸಿಕ್ಕಿ, ತಿಂಗಳುಗಟ್ಟಲೆ ಅಲ್ಲಿಯೇ ಉಳಿದು, ಬಳಿಕ ಅಹಮದನಗರಕ್ಕೆ ತೆರಳಿ ೧೭೦೭ರಲ್ಲಿ ತೀರಿಕೊಂಡನು. ಮುಂದೆ ಸುರಪುರವೇ ನಾಯಕರ ನೆಲೆಯಾಗಿ ಬೆಳೆಯಿತು.

ಎರಡನೆಯದು ೧೮೫೮ರದು. ಆಗ ಸುರಪುರದ ಗಾದಿಯಲ್ಲಿದ್ದವನು ರಾಜಾ ವೆಂಕಟಪ್ಪನಾಯಕ. ಇವನ ತಂದೆ ಕೃಷ್ಣಪ್ಪನಾಯಕನು ೧೮೪೨ರಲ್ಲಿ ತೀರಿಕೊಂಡಾಗ ಇವನು ಇನ್ನೂ ಬಾಲಕ. ತಾಯಿ ಈಶ್ವರಮ್ಮನವರಿಗೂ ಬಂಧುಗಳಿಗೂ ಅಧಿಕಾರದ ವಿಷಯದಲ್ಲಿ ಮನಸ್ತಾಪಗಳಿದ್ದ ಆ ಕಾಲದಲ್ಲಿ ಮೆಡೋಸ್ ಟೇಲರ್ ಎಂಬ ಅಧಿಕಾರಿಯು ಬಂದು, ೧೮೫೩ರವರೆಗೆ ಸಂಸ್ಥಾನದ ಆಡಳಿತವನ್ನು ನೋಡಿಕೊಂಡನು. ಬಾಲಕನಾದ ರಾಜನು ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು. ಟೇಲರನು ಅಲ್ಲಿ ಗುಡ್ಡದ ಮೇಲೆ ಕಟ್ಟಿಸಿದ ಬಂಗಲೆಯು ‘ಟೇಲರ್ ಮಂಜಿಲ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಅವನು ಹೋದ ಮೇಲೆ ರಾಜನು ಸ್ವತಃ ಆಡಳಿತವನ್ನು ವಹಿಸಿಕೊಂಡನು.

೧೮೫೭ರಲ್ಲಿ ಉತ್ತರದಲ್ಲಿ ದಂಗೆಯೆದ್ದಾಗ ಸುರಪುರದಲ್ಲಿಯೂ ಅರಬರನ್ನೂ ರೋಹಿಲರನ್ನೂ ಸೇರಿಸುತ್ತಿದ್ದಾರೆಂಬ ಸುದ್ದಿಯು ಹೈದರಾಬಾದಿನ ರೆಸಿಡೆಂಟನಿಗೆ ಮುಟ್ಟಿತು. ವಿಚಾರಿಸುವುದಕ್ಕಾಗಿ ಕ್ಯಾಪ್ಟನ್ ಕ್ಯಾಂಬೆಲ್ ಎಂಬವನನ್ನು ಕಳುಹಿಸಿದರು. ಲಿಂಗಸುಗೂರಿನಿಂದ ಕ್ಯಾಪ್ಟನ್ ವಿಂಡಮನ ಪಡೆಯು ಬಂದು ಇಳಿಯಿತು. ೧೮೫೮ನೆಯ ಫೆಬ್ರವರಿ ೭ರ ರಾತ್ರಿ ನಾಯಕನ ಕಡೆಯವರು ಆ ಪಾಳೆಯದ ಮೇಲೆ ಬಿದ್ದರು. ಮರುದಿನ, ಎಂದರೆ ೮ನೆಯ ತಾರೀಖು ಸೋಮವಾರ, ಮತ್ತಷ್ಟು ಸೈನ್ಯವು ಬಂದು ಸೇರಿತು. ಅಂದಿನ ಕಾಳಗದಲ್ಲಿ ಕುದುರೆಪಡೆಯ ಕ್ಯಾಪ್ಟನ್ ನ್ಯೂಬೆರಿಯು ಮಡಿದನು. ಆ ರಾತ್ರಿ ರಾಜನು ಕೆಲವೇ ಕುದುರೆಸವಾರರೊಡನೆ ಸುರಪುರವನ್ನು ಬಿಟ್ಟು ಹೈದರಾಬಾದಿನ ಕಡೆಗೆ ಹೊರಟನು. ಮರುದಿನ ಇಂಗ್ಲಿಷರ ಸೈನ್ಯವು ಊರನ್ನು ಹೊಕ್ಕಿತು.

ಹೈದರಾಬಾದಿನಲ್ಲಿ ರಾಜನು ಸೆರೆಸಿಕ್ಕಿದನು. ವಿಚಾರಣೆಯಲ್ಲಿ ಮರಣದಂಡನೆಯ ತೀರ್ಪಾಯಿತು. ರೆಸಿಡೆಂಟನು ಅದನ್ನು ಗಡೀಪಾರಿಗೆ ಇಳಿಸಿದನು. ಗವರ್ನರ್ ಜನರಲನು ನಾಲ್ಕು ವರ್ಷದ ಸೆರೆವಾಸಕ್ಕೆ ಇಳಿಸಿದನು. ಅವನನ್ನು ಮದರಾಸಿನ ಕಡೆಯ ಕೋಟೆಯೊಂದಕ್ಕೆ ಕರೆದೊಯ್ಯುತ್ತಿರುವಾಗ, ದಾರಿಯ ಬೀಡಿನಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾನೇ ಗುಂಡು ಹಾರಿಸಿಕೊಂಡು ಸತ್ತನೆಂದು ಟೇಲರನು ತನ್ನ ಆತ್ಮಚರಿತ್ರೆಯಲ್ಲಿ ಬರೆದಿದ್ದಾನೆ. ಆಗ ರಾಜನಿಗೆ ಸುಮಾರು ಇಪ್ಪತ್ತನಾಲ್ಕು ವರ್ಷ. ೧೮೬೦ರ ಒಡಂಬಡಿಕೆಯಲ್ಲಿ ಇಂಗ್ಲಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟರು. ಅಲ್ಲಿಗೆ ಸಂಸ್ಥಾನವು ಮುಗಿಯಿತು.

ಈಗ ಶ್ರೋತೃಗಳು ಸಹಜವಾಗಿಯೇ ಹೀಗೆ ಹೇಳಬಹುದು : “ಎಂತಹ ಆಶ್ಚರ್ಯ! ಒಂದೇ ತಾರೀಖು, ಒಂದೇ ಮನೆತನ, ಒಂದೇ ಬಗೆಯ ಆಪತ್ತು!” ಪತ್ರಿಕೆಯವರ ಪಟ್ಟಿಯಾಗಿದ್ದರೆ ವಿಷಯವು ಇಲ್ಲಿಗೇ ಮುಗಿಯುತ್ತಿತ್ತು. ನಾವು ಸ್ವಲ್ಪ ನಿಧಾನಿಸಿ ನೋಡೋಣ.

೧೭೦೫ರಲ್ಲಿ ವಾಗಣಗೇರಾದ ಮುಂದೆ ನಿಂತಿದ್ದ ಯಾವನೊಬ್ಬನಿಗೂ ಅದು ‘ಫೆಬ್ರವರಿ ೮’ ಎಂಬುದು ತಿಳಿದಿರಲಿಲ್ಲ. ಮೊಗಲರ ಪಾಳೆಯದಲ್ಲಿದ್ದವರು ಹಿಜರಿಯ ಲೆಕ್ಕವನ್ನು ಇಟ್ಟಿದ್ದರು. ಕೋಟೆಯೊಳಗಿನವರು ಸಂವತ್ಸರ, ಮಾಸ, ತಿಥಿಗಳ ಲೆಕ್ಕವನ್ನು ಇಟ್ಟಿದ್ದರು. ಬಾದಶಹನ ಆಸ್ಥಾನದ ಲೇಖಕರು ಬರೆದ ಹಿಜರಿ ದಿನವನ್ನು ಇತಿಹಾಸಜ್ಞರು ತರುವಾಯ ಇಂಗ್ಲಿಷು ತಾರೀಖಿಗೆ ತಿರುಗಿಸಿದರು. ಹಾಗೆ ತಿರುಗಿಸುವಾಗ ಸರ್ಕಾರರು ಅನುಸರಿಸಿದುದು ಆ ಕಾಲದಲ್ಲಿ ಇಂಗ್ಲೆಂಡಿನವರು ಬಳಸುತ್ತಿದ್ದ ಹಳೆಯ ಕ್ರಮವನ್ನು. ಈ ‘ಹಳೆಯ ಕ್ರಮ’ ಎಂದರೇನೆಂಬುದನ್ನು ವಿವರಿಸುವುದು ಅವಶ್ಯಕ.

ರೋಮಿನ ಜೂಲಿಯಸ್ ಸೀಸರನು ಏರ್ಪಡಿಸಿದ ಪಂಚಾಂಗದಲ್ಲಿ ವರ್ಷಕ್ಕೆ ೩೬೫ ದಿನಗಳು, ನಾಲ್ಕು ವರ್ಷಗಳಿಗೊಮ್ಮೆ ಒಂದು ದಿನ ಹೆಚ್ಚು. ಅಂದರೆ ಸರಾಸರಿ ೩೬೫¼ ದಿನ. ಆದರೆ ಋತುಗಳನ್ನು ಉಂಟುಮಾಡುವ ನಿಜವಾದ ಸೌರವರ್ಷವು ಇದಕ್ಕಿಂತ ಸುಮಾರು ಹನ್ನೊಂದು ನಿಮಿಷ ಕಡಮೆ. ವರ್ಷಕ್ಕೆ ಇದು ಅಲ್ಪ; ಶತಮಾನಗಳು ಕಳೆದಂತೆ ಅದೇ ದಿನಗಳಾಗಿ ಬೆಳೆಯುವುದು. ಹದಿನಾರನೆಯ ಶತಮಾನದ ಹೊತ್ತಿಗೆ ಹತ್ತು ದಿನಗಳ ತಪ್ಪು ಸೇರಿದ್ದಿತು. ಆದುದರಿಂದ ಪೋಪ್ ಹದಿಮೂರನೆಯ ಗ್ರೆಗರಿಯು ೧೫೮೨ರಲ್ಲಿ ಅಕ್ಟೋಬರು ೪ರ ಮರುದಿನವನ್ನು ಅಕ್ಟೋಬರು ೧೫ ಎಂದು ಎಣಿಸುವಂತೆ ಆಜ್ಞೆಮಾಡಿದನು. ನೂರರಿಂದ ಭಾಗವಾದರೂ ನಾನೂರರಿಂದ ಭಾಗವಾಗದ ವರ್ಷಗಳಲ್ಲಿ ಫೆಬ್ರವರಿಗೆ ಇಪ್ಪತ್ತೊಂಬತ್ತನೆಯ ದಿನವನ್ನು ಕೂಡಿಸಬಾರದೆಂದೂ ನಿಯಮಿಸಿದನು. ಇದು ಹೊಸ ಕ್ರಮ. ಪ್ರಾಟೆಸ್ಟೆಂಟ್ ಮತದ ಇಂಗ್ಲೆಂಡು ಪೋಪನ ಈ ತಿದ್ದುಪಡಿಯನ್ನು ಬಹುಕಾಲ ಒಪ್ಪಲಿಲ್ಲ. ೧೭೦೦ನೆಯ ವರ್ಷವು ಕಳೆದ ಮೇಲೆ ಅಂತರವು ಹನ್ನೊಂದು ದಿನಗಳಾಯಿತು. ಕಡೆಗೆ ೧೭೫೨ರಲ್ಲಿ ಇಂಗ್ಲೆಂಡು ಸೆಪ್ಟೆಂಬರು ೨ರ ಮರುದಿನವನ್ನು ಸೆಪ್ಟೆಂಬರು ೧೪ ಎಂದು ಎಣಿಸಿ ಹೊಸ ಕ್ರಮಕ್ಕೆ ಬಂದಿತು. ತಾರೀಖು ಹನ್ನೊಂದು ದಿನ ಹಾರಿದರೂ ವಾರವು ತಪ್ಪಲಿಲ್ಲ. ಬುಧವಾರದ ಮರುದಿನ ಗುರುವಾರವೇ ಬಂದಿತು.

ಇದರಿಂದ ಏನು ಸಿದ್ಧವಾಯಿತು? ೧೭೦೫ರ ‘ಫೆಬ್ರವರಿ ೮’ ಹಳೆಯ ಕ್ರಮದ್ದು. ನಾವು ಇಂದು ಬಳಸುವ ಕ್ರಮದಲ್ಲಿ ಅದು ಫೆಬ್ರವರಿ ೧೯. ಬೇಡರು ಕೋಟೆಯನ್ನು ಬಿಟ್ಟ ಏಪ್ರಿಲು ೨೭ರ ರಾತ್ರಿಯು ಮೇ ೮ರ ರಾತ್ರಿ. ೧೮೫೮ರ ಫೆಬ್ರವರಿ ೮ ಮಾತ್ರ ಹೊಸ ಕ್ರಮದ್ದಾದುದರಿಂದ ಇದ್ದಂತೆಯೇ ನಿಲ್ಲುವುದು. ಹಾಗಾದರೆ ಎರಡು ಸಂಗತಿಗಳೂ ಒಂದೇ ತಾರೀಖಿನಲ್ಲಿ ನಡೆದುವೆಂಬ ಮಾತು ಬಿದ್ದುಹೋಯಿತು. ಸೂರ್ಯನ ಲೆಕ್ಕದಲ್ಲಿ ಅವುಗಳ ನಡುವೆ ಹನ್ನೊಂದು ದಿನಗಳ ಅಂತರವಿದೆ. ಔರಂಗಜೇಬನು ಮರಣಹೊಂದಿದ ದಿನವನ್ನು ಕೆಲವು ಪುಸ್ತಕಗಳು ಫೆಬ್ರವರಿ ೨೦ ಎಂದೂ ಕೆಲವು ಮಾರ್ಚಿ ೩ ಎಂದೂ ಹೇಳುವುದನ್ನು ಕಂಡು ವಿದ್ಯಾರ್ಥಿಗಳು ಗಾಬರಿಪಡುವುದುಂಟು. ಅಲ್ಲಿಯೂ ಕಾರಣ ಇದೇ. ಎರಡು ಹೆಸರುಗಳೂ ಒಂದೇ ದಿನಕ್ಕೆ ಸಲ್ಲುವುವು.

ಇಂಗ್ಲಿಷು ತಾರೀಖಿನ ಹೊಂದಿಕೆಯು ಹೀಗೆ ಕರಗಿತು. ಇನ್ನು ಕೋಟೆಯೊಳಗಿನವರ ಲೆಕ್ಕ, ಎಂದರೆ ನಮ್ಮ ಚಾಂದ್ರಮಾನದ ಲೆಕ್ಕ, ಏನು ಹೇಳುವುದೆಂಬುದನ್ನು ನೋಡೋಣ. ಇಲ್ಲಿ ನಿಜವಾದ ಆಶ್ಚರ್ಯವೊಂದು ಕಾದಿದೆ.

ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನಗಳು. ಇಂತಹ ಹನ್ನೆರಡು ತಿಂಗಳುಗಳಿಗೆ ಸುಮಾರು ೩೫೪ ದಿನಗಳು. ಸೌರವರ್ಷಕ್ಕಿಂತ ಹನ್ನೊಂದು ದಿನ ಕಡಮೆ. ಹಿಜರಿಯ ಲೆಕ್ಕದಲ್ಲಿ ಈ ಕೊರತೆಯನ್ನು ತುಂಬುವ ಪದ್ಧತಿಯಿಲ್ಲ. ಆದುದರಿಂದಲೇ ರಂಜಾನ್ ತಿಂಗಳು ಒಮ್ಮೆ ಬೇಸಗೆಯಲ್ಲಿಯೂ ಒಮ್ಮೆ ಮಳೆಗಾಲದಲ್ಲಿಯೂ ಬರುವುದು. ನಮ್ಮ ಪಂಚಾಂಗವು ಎರಡೂವರೆ ಮೂರು ವರ್ಷಗಳಿಗೊಮ್ಮೆ ಒಂದು ಅಧಿಕಮಾಸವನ್ನು ಕೂಡಿಸಿ ಚಂದ್ರನನ್ನು ಸೂರ್ಯನೊಡನೆ ಹೊಂದಿಸಿಕೊಳ್ಳುವುದು. ಇದರ ಫಲವಾಗಿ ಹತ್ತೊಂಬತ್ತು ವರ್ಷಗಳಿಗೊಮ್ಮೆ ತಿಥಿಯೂ ತಾರೀಖೂ ಹೆಚ್ಚುಕಡಮೆ ಒಂದೆಡೆ ಬಂದು ಸೇರುವುವು. ಹತ್ತೊಂಬತ್ತು ಸೌರವರ್ಷಗಳಿಗೂ ೨೩೫ ಚಾಂದ್ರಮಾಸಗಳಿಗೂ ಇರುವ ವ್ಯತ್ಯಾಸವು ಎರಡು ಗಂಟೆಯಷ್ಟು ಮಾತ್ರ. ನಮ್ಮ ಶ್ರೋತೃಗಳಲ್ಲಿ ಯಾರಾದರೂ ತಾವು ಹುಟ್ಟಿದ ದಿನದ ತಿಥಿಯನ್ನು ತಮ್ಮ ಹತ್ತೊಂಬತ್ತನೆಯ ವರ್ಷದ ಪಂಚಾಂಗದಲ್ಲಿ ಹುಡುಕಿ ನೋಡಿದರೆ ಇದು ವಿಶದವಾಗುವುದು.

ಈಗ ಲೆಕ್ಕವನ್ನು ಹಾಕಿ ನೋಡಬಹುದು. ೧೭೦೫ರಿಂದ ೧೮೫೮ಕ್ಕೆ ೧೫೩ ವರ್ಷಗಳು. ಹತ್ತೊಂಬತ್ತರ ಎಂಟು ಆವೃತ್ತಿಗಳಿಗೆ ೧೫೨ ವರ್ಷಗಳು. ಅಲ್ಲಿಗೆ ತಿಥಿಯು ಹೊಸ ಕ್ರಮದ ಫೆಬ್ರವರಿ ೧೯ರ ಸುಮಾರಿಗೇ ಮರಳಿ ಬರುವುದು. ಉಳಿದ ಒಂದು ವರ್ಷದಲ್ಲಿ ಅದು ಹನ್ನೊಂದು ದಿನ ಹಿಂದಕ್ಕೆ ಸರಿಯುವುದು. ಹತ್ತೊಂಬತ್ತರಲ್ಲಿ ಹನ್ನೊಂದನ್ನು ಕಳೆದರೆ ಎಂಟು. ಎಂದರೆ ೧೭೦೫ರಲ್ಲಿ ಮುತ್ತಿಗೆಯು ಆರಂಭವಾದ ದಿನವೂ ೧೮೫೮ರಲ್ಲಿ ರಾಜನು ಊರನ್ನು ಬಿಟ್ಟ ದಿನವೂ ಒಂದೆರಡು ತಿಥಿಗಳ ವ್ಯತ್ಯಾಸದಲ್ಲಿ ಒಂದೇ! ಎರಡೂ ಮಾಘ ಬಹುಳದ ಕಡೆಯ ಭಾಗ; ಎರಡೂ ಮಹಾಶಿವರಾತ್ರಿಗೆ ಮೂರು ನಾಲ್ಕು ದಿನ ಮುಂಚೆ. ಶಾಲಿವಾಹನ ಶಕ ೧೭೭೯, ಪಿಂಗಳ ಸಂವತ್ಸರದ ಮಾಘ ಬಹುಳದಲ್ಲಿ ವೆಂಕಟಪ್ಪನಾಯಕನು ಹೊರಟ ಆ ರಾತ್ರಿ ಚಂದ್ರನು ಮೂಡಿದುದು ನಡುರಾತ್ರಿ ಕಳೆದು ಬಹಳ ಹೊತ್ತಿನ ಮೇಲೆ. ಗುಡ್ಡದ ದಾರಿಗಳು ಕತ್ತಲೆಯಲ್ಲಿದ್ದುವು. ಇದು ತಿಥಿಯಿಂದ ಮಾತ್ರ ತಿಳಿಯತಕ್ಕ ವಿಷಯ. ‘ಫೆಬ್ರವರಿ ೮’ ಎಂಬ ಹೆಸರು ಇದನ್ನು ಹೇಳಲಾರದು.

ಕಾಲಗಣನೆಯ ಹನ್ನೊಂದು ದಿನಗಳೂ ಚಂದ್ರನ ಹನ್ನೊಂದು ದಿನಗಳೂ ಒಂದಕ್ಕೊಂದು ಸಂಬಂಧವಿಲ್ಲದವು. ಮೊದಲನೆಯದು ಜೂಲಿಯಸನ ಪಂಚಾಂಗದಲ್ಲಿ ಸೇರುತ್ತ ಬಂದ ತಪ್ಪು. ಎರಡನೆಯದು ಆಕಾಶದ ನಿಯಮ. ಸಂಖ್ಯೆಗಳು ಆಕಸ್ಮಿಕವಾಗಿ ಸಮನಾದುವು. ಆದುದರಿಂದ ಈ ಹೊಂದಿಕೆಯಲ್ಲಿ ವಿಧಿಯ ಕೈವಾಡವನ್ನು ಕಾಣಬೇಕಾಗಿಲ್ಲ. ರಾಜನು ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟುವುದಿಲ್ಲವೆಂದು ಜೋಯಿಸರು ಜಾತಕವನ್ನು ನೋಡಿ ಹೇಳಿದ್ದರೆಂಬ ಕಥೆಯನ್ನು ಟೇಲರನು ಬರೆದಿದ್ದಾನೆ. ಕೇಳುವವರ ಮನಸ್ಸನ್ನು ಕಲಕುವ ಕಥೆಯೇನೋ ಹೌದು. ಆದರೆ ರಾಜನನ್ನು ಆ ಬೀಡಿಗೆ ಒಯ್ದುದು ಗ್ರಹಗತಿಯಲ್ಲ; ಒಂದು ಕಾಳಗ, ಒಂದು ಸೆರೆ, ಒಂದು ತೀರ್ಪು. ಪಂಚಾಂಗವು ದಿನವನ್ನು ಗುರುತಿಸಬಲ್ಲದು. ಕಾರಣವನ್ನು ಹುಡುಕುವ ಕೆಲಸವು ನಮ್ಮದು.

ಕಾರಣಗಳನ್ನು ಹುಡುಕಿದಾಗ ಈ ಎರಡು ಸಂಗತಿಗಳು ಎಷ್ಟು ಬೇರೆಯೆಂಬುದು ತಿಳಿಯುವುದು. ಎರಡರಲ್ಲಿಯೂ ನಾಯಕನು ರಾತ್ರಿಯಲ್ಲಿ ನೆಲೆಯನ್ನು ಬಿಟ್ಟು ಹೊರಟನು. ಆದರೆ ಪಿಡ್ಡನಾಯಕನು ಎರಡೂವರೆ ತಿಂಗಳು ಕಾದಾಡಿ, ತನ್ನ ಜನರೊಡನೆ, ತನಗೆ ಪರಿಚಿತವಾದ ಕಾಡುಗುಡ್ಡಗಳ ಕಡೆಗೆ ಹೊರಟವನು. ಅವನನ್ನು ಮುತ್ತಿದ ಚಕ್ರವರ್ತಿಯು ವೃದ್ಧ, ಅವನ ಖಜಾನೆಯು ಬರಿದಾಗುತ್ತ ಬಂದಿದ್ದಿತು, ಸುತ್ತಲೂ ಮರಾಠರು ಕಾದಿದ್ದರು. ಆದುದರಿಂದ ಆ ಪಲಾಯನವು ಮತ್ತೆ ಕಟ್ಟುವುದಕ್ಕೆ ದಾರಿಯಾಯಿತು. ವೆಂಕಟಪ್ಪನಾಯಕನ ಕಾಲಕ್ಕೆ ನೆರವಿಗೆ ಬರತಕ್ಕ ಮಿತ್ರರು ಯಾರೂ ಉಳಿದಿರಲಿಲ್ಲ. ಸುತ್ತಲಿನ ದಂಡಿನ ನೆಲೆಗಳೆಲ್ಲವೂ ಇಂಗ್ಲಿಷರ ಕೈಯಲ್ಲಿದ್ದುವು. ಅವನು ಕಾಡಿಗೆ ಹೋಗದೆ ಹೈದರಾಬಾದಿಗೆ ಹೋದನು. ಅಲ್ಲಿಯ ಸರ್ಕಾರವು ಅವನನ್ನು ರೆಸಿಡೆಂಟನಿಗೆ ಒಪ್ಪಿಸಿತು. ತಿಥಿಯು ಒಂದೇ, ಕಾಲವು ಬೇರೆ.

ಸುರಪುರವು ನಿಜಾಮನಿಗೆ ಸೇರಿದ ಮೇಲೆ ಯಾದಗಿರಿ, ಶಹಾಪುರಗಳಂತೆ ಅಲ್ಲಿಯ ಕಚೇರಿಗಳಿಗೂ ಮತ್ತೊಂದು ಲೆಕ್ಕವು ಬಂದಿತು. ಅದು ಫಸಲಿ. ಹೆಸರೇ ಹೇಳುವಂತೆ ಇದು ಫಸಲಿಗೆ, ಎಂದರೆ ಬೆಳೆಗೆ ಮತ್ತು ಕಂದಾಯಕ್ಕೆ, ಸಂಬಂಧಿಸಿದ ವರ್ಷ. ಹೈದರಾಬಾದು ಸಂಸ್ಥಾನದಲ್ಲಿ ಇದು ಅಕ್ಟೋಬರು ತಿಂಗಳ ಆದಿಭಾಗದಲ್ಲಿ ಆಜುರ್ ಎಂಬ ತಿಂಗಳಿನಿಂದ ಆರಂಭವಾಗುತ್ತಿತ್ತು. ಫಸಲಿ ವರ್ಷಕ್ಕೆ ೫೯೦ನ್ನು ಕೂಡಿಸಿದರೆ ಅದು ಆರಂಭವಾದ ಇಸವಿಯು ದೊರೆಯುವುದು. ಅಜ್ಜನ ಕಾಲದ ಹೊಲದ ಪಟ್ಟಾವೊಂದರಲ್ಲಿ ‘೧೩೫೭’ ಎಂದಿದ್ದರೆ ಅದನ್ನು ಹದಿನಾಲ್ಕನೆಯ ಶತಮಾನದ ಕಾಗದವೆಂದು ಬಗೆಯಬಾರದು. ಅದು ೧೯೪೭ರ ಅಕ್ಟೋಬರಿನಿಂದ ೧೯೪೮ರ ಅಕ್ಟೋಬರಿನವರೆಗಿನ ವರ್ಷ.

ಆ ೧೩೫೭ನೆಯ ಫಸಲಿಯೇ ಈ ಸೀಮೆಯ ಮತ್ತೊಂದು ಮುಖ್ಯ ದಿನವನ್ನು ಒಳಗೊಂಡಿದೆ. ಭಾರತದ ಸ್ವಾತಂತ್ರ್ಯದಿನವು ೧೯೪೭ನೆಯ ಆಗಸ್ಟು ೧೫ ಎಂಬುದನ್ನು ಎಲ್ಲ ಮಕ್ಕಳೂ ಬಲ್ಲರು. ಆದರೆ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಆ ದಿನ ನಿಜಾಮನ ಆಳಿಕೆಯೇ ನಡೆಯುತ್ತಿತ್ತು. ೧೯೪೮ನೆಯ ಸೆಪ್ಟೆಂಬರು ೧೩ರಂದು ಭಾರತದ ಸೈನ್ಯವು ಹೈದರಾಬಾದು ಸಂಸ್ಥಾನವನ್ನು ಪ್ರವೇಶಿಸಿತು. ೧೭ರಂದು ನಿಜಾಮನು ಶರಣಾಗತನಾದನು. ಆಗಸ್ಟು ೧೫ರಿಂದ ಆ ದಿನದವರೆಗೆ ಎಣಿಸಿದರೆ ೩೯೯ ದಿನಗಳು. ಆದುದರಿಂದಲೇ ಈ ಭಾಗದ ಜನರು ಎರಡು ದಿನಗಳಂದು ಬಾವುಟವನ್ನು ಏರಿಸುತ್ತಾರೆ. ‘ಚರಿತ್ರೆಯಲ್ಲಿ ಈ ದಿನ’ ಎಂಬ ಪಟ್ಟಿಯು ದೇಶಕ್ಕೆಲ್ಲ ಒಂದೇ ಆಗಿರಲಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಾಗಿಲ್ಲ.

ಅಲ್ಲಿಂದ ಎಂಟು ವರ್ಷಗಳ ತರುವಾಯ, ೧೯೫೬ನೆಯ ನವೆಂಬರು ೧ರಂದು, ಕಲಬುರಗಿ, ರಾಯಚೂರು, ಬೀದರ ಸೀಮೆಗಳ ಕನ್ನಡ ಜನರು ಮೈಸೂರು, ಮುಂಬಯಿ, ಮದರಾಸು, ಕೊಡಗು ಸೀಮೆಗಳ ಕನ್ನಡಿಗರೊಡನೆ ಒಂದೇ ರಾಜ್ಯದಲ್ಲಿ ಕೂಡಿದರು. ಅದು ಪಂಚಾಂಗದಂತೆ ನರಕ ಚತುರ್ದಶಿಯ ದಿನವಾಗಿದ್ದಿತು. ಆದರೂ ನಾವು ರಾಜ್ಯೋತ್ಸವವನ್ನು ನರಕ ಚತುರ್ದಶಿಯಂದು ಆಚರಿಸದೆ ನವೆಂಬರು ೧ರಂದೇ ಆಚರಿಸುತ್ತೇವೆ. ಬಸವಜಯಂತಿಯನ್ನಾದರೋ ವೈಶಾಖ ಶುದ್ಧ ತದಿಗೆಯಂದು ಆಚರಿಸುತ್ತೇವೆ. ಯಾವುದನ್ನು ಯಾವ ಲೆಕ್ಕದಿಂದ ನೆನೆಯಬೇಕೆಂಬುದನ್ನು ಆಕಾಶವು ಗೊತ್ತುಮಾಡುವುದಿಲ್ಲ, ಜನರು ಗೊತ್ತುಮಾಡುವರು.

ಇನ್ನು ಶಹಾಪುರದ ಹತ್ತಿರದ ವಿಭೂತಿಹಳ್ಳಿಯ ವಿಷಯವನ್ನು ಒಂದು ಮಾತಿನಲ್ಲಿ ಹೇಳಬೇಕು. ಅಲ್ಲಿ ಬಯಲಿನಲ್ಲಿ ದೊಡ್ಡ ದೊಡ್ಡ ಗುಂಡುಗಳನ್ನು ಸಾಲುಸಾಲಾಗಿ ಇರಿಸಿದ ಸ್ಥಳವೊಂದಿದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಟೇಲರನೇ ಅದನ್ನು ಅಳೆದು ವಿದ್ವಾಂಸರ ಗಮನಕ್ಕೆ ತಂದನು. ಅವುಗಳನ್ನು ಇರಿಸಿದವರು ಯಾವ ಬರೆಹವನ್ನೂ ಬಿಡಲಿಲ್ಲ. ಆ ಸಾಲುಗಳಿಗೂ ಸೂರ್ಯನು ಹುಟ್ಟಿ ಮುಳುಗುವ ದಿಕ್ಕುಗಳಿಗೂ ಸಂಬಂಧವಿರಬಹುದೆಂದು ಕೆಲವು ಸಂಶೋಧಕರು ವಿಚಾರಮಾಡಿದ್ದಾರೆ. ಹಾಗಿದ್ದರೆ ಈ ಸೀಮೆಯ ಅತಿ ಪ್ರಾಚೀನವಾದ ಪಂಚಾಂಗವು ಕಲ್ಲಿನದು. ಆದರೆ ಅವರ ಬಾಳಿನ ಯಾವ ದಿನವನ್ನೂ ನಾವು ‘ಈ ದಿನ’ ಎಂದು ನೆನೆಯಲಾರೆವು. ದಿನವನ್ನು ಬರೆದಿಟ್ಟವರಿಗೆ ಮಾತ್ರ ಪಟ್ಟಿಯಲ್ಲಿ ಸ್ಥಳ.

ನಮ್ಮ ಅಭಿಪ್ರಾಯದಲ್ಲಿ ವಿಷಯದ ತಿರುಳು ಇದೇ. ವಾಗಣಗೇರಾದ ದಿನವನ್ನು ಬರೆದಿಟ್ಟವರು ಮುತ್ತಿಗೆಯನ್ನು ಹಾಕಿದ ಮೊಗಲರು. ಸುರಪುರದ ಆ ದಿನವನ್ನು ಬರೆದಿಟ್ಟವರು ಸುರ‌ಪುರವನ್ನು ಗೆದ್ದ ಇಂಗ್ಲಿಷರು. ರಾಜನ ಮರಣದ ವಿಷಯದಲ್ಲಿ ನಮ್ಮ ಪುಸ್ತಕಗಳು ಮುಖ್ಯವಾಗಿ ಅವಲಂಬಿಸುವುದು ಟೇಲರನ ಮಾತನ್ನು. ಅವನು ರಾಜನಲ್ಲಿ ಪ್ರೀತಿಯನ್ನಿಟ್ಟಿದ್ದನೆಂಬುದು ನಿಜ. ಆದರೂ ಅವನು ಸರ್ಕಾರದ ಅಧಿಕಾರಿಯೆಂಬುದೂ, ಆ ಬೀಡಿನಲ್ಲಿ ಸ್ವತಃ ಇರಲಿಲ್ಲವೆಂಬುದೂ ಅಷ್ಟೇ ನಿಜ. ಕೋಟೆಯ ಒಳಗಿದ್ದವರು ಏನು ಕಂಡರು, ಬೆಂಕಿಯಿಟ್ಟು ಹೊರಟ ರಾತ್ರಿ ಮಕ್ಕಳನ್ನೂ ಮುದುಕರನ್ನೂ ಹೇಗೆ ಸಾಗಿಸಿದರು ಎಂಬುದು ಆ ಬರೆಹಗಳಲ್ಲಿ ಇಲ್ಲ.

ಆದುದರಿಂದ ಶ್ರೋತೃಗಳಲ್ಲಿ ನಮ್ಮದು ಎರಡು ಬಿನ್ನಹಗಳು. ಮೊದಲನೆಯದು : ‘ಚರಿತ್ರೆಯಲ್ಲಿ ಈ ದಿನ’ ಎಂಬ ಸಾಲನ್ನು ಕಂಡಾಗ, ಇದು ಯಾವ ಕ್ರಮದ ತಾರೀಖು, ಯಾವ ಊರಿನ ಅನುಭವ, ಯಾರು ಬರೆದಿಟ್ಟುದು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮೂರಕ್ಕೂ ಉತ್ತರ ದೊರೆತರೆ ಆ ಸಾಲು ಚರಿತ್ರೆಯಾಗುವುದು. ದೊರೆಯದಿದ್ದರೆ ಅದು ಬರಿಯ ವಿನೋದ. ಎರಡನೆಯದು : ತಮ್ಮ ಮೂಲವನ್ನು ಈ ಸೀಮೆಯಲ್ಲಿ ಹೊಂದಿರುವ ಮನೆಗಳವರು ಹಳೆಯ ಕಡತ, ಸನದು, ಲೆಕ್ಕದ ಪುಸ್ತಕ, ಬಿಡಿಯ ಕಾಗದಗಳನ್ನು ಹಬ್ಬದ ಸಮಯದಲ್ಲಿ ಮನೆ ಸಾರಿಸುವಾಗ ರದ್ದಿಗೆ ಹಾಕಬಾರದು. ಅವುಗಳ ಮೇಲೆ ಸಂವತ್ಸರವೋ ಫಸಲಿಯೋ ಹಿಜರಿಯೋ ಇದ್ದರೆ ಅದನ್ನು ಇದ್ದಂತೆಯೇ ನಕಲುಮಾಡಿ ಇಡಬೇಕು. ಇಂಗ್ಲಿಷು ತಾರೀಖಿಗೆ ತಿರುಗಿಸುವ ಕೆಲಸವನ್ನು ಬಲ್ಲವರು ಬಳಿಕ ಮಾಡಿಕೊಳ್ಳಬಹುದು. ತಿರುಗಿಸಿದ ತಾರೀಖಿನಲ್ಲಿ ತಪ್ಪು ನುಸುಳಬಹುದು; ಮೂಲವು ಉಳಿದಿದ್ದರೆ ತಪ್ಪನ್ನು ತಿದ್ದಬಹುದು.

ಇಂದು ಫೆಬ್ರವರಿ ೮. ವೆಂಕಟಪ್ಪನಾಯಕನು ಸುರಪುರವನ್ನು ಬಿಟ್ಟ ದಿನವನ್ನು ನಾವು ಇಂದು ನೆನೆಯುವುದು ಯುಕ್ತವೇ. ಪಿಡ್ಡನಾಯಕನ ಮುತ್ತಿಗೆಯ ದಿನಕ್ಕೆ ಇನ್ನೂ ಹನ್ನೊಂದು ದಿನಗಳಿವೆ. ಆ ಎರಡನ್ನೂ ಒಟ್ಟಿಗೆ ನೆನೆಯಬೇಕೆಂಬ ಇಚ್ಛೆಯುಳ್ಳವರು ಮಾಘ ಬಹುಳವು ಬರುವವರೆಗೆ ಕಾದು, ಶಿವರಾತ್ರಿಯ ಮುಂಚಿನ ಕತ್ತಲೆಯ ರಾತ್ರಿಗಳಲ್ಲಿ ನೆನೆಯಬಹುದು.